ಸಿಸ್ಟರಕ್ಕನ ಅಂಚೆ: ‘ಯಾರವ್ವಾ ನೀ?’

ಈ ತಿಂಗಳ ಅಂಚೆಯಲ್ಲಿ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಊರು ಬೇರೆ, ಕಷ್ಟ ಬೇರೆ. ಕೇಳಿರುವುದು ಮಾತ್ರ ಹೆಚ್ಚುಕಮ್ಮಿ ಒಂದೇ. ಕಣ್ಣಿಗೆ ಕಾಣದ ದೇವರು ಜೊತೆಗಿದ್ದಾರೆ ಅಂತ ನಂಬಿಕೊಂಡು ದಿನ ಕಳೆಯೋದು ಹೇಗೆ? ಹೊಸ ಓದುಗರಿಗೆ ಒಂದು ಮಾತು. ನಾನು ಸಭಾಪಾಲಕಿ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಕರಾವಳಿಯ ಆಸ್ಪತ್ರೆಗಳಲ್ಲಿ 34 ವರ್ಷ ನರ್ಸ್ ಆಗಿದ್ದವಳು. ಅದರಲ್ಲೂ ನೈಟ್ ಡ್ಯೂಟಿಯೇ ಜಾಸ್ತಿ. ‘ಸಿಸ್ಟರ್’ ಅಂದ ಕೂಡಲೇ ಕನ್ಯಾಸ್ತ್ರೀ ಎಂದುಕೊಂಡು ಬರೆಯುವವರಿದ್ದಾರೆ. ಅಲ್ಲ, ನಮ್ಮದು ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಮಿಶನರಿ ಸಂಸ್ಥೆಯ ಕಾಲದ ಕುಟುಂಬ. ನನಗೆ ಇಬ್ಬರು ಮಕ್ಕಳು, ಒಬ್ಬಳು ಮೊಮ್ಮಗಳು, ಒಂದು ಮೊಣಕಾಲು ನೋವು.

ಪ್ರಶ್ನೆ: ಅಕ್ಕಾರ, ಕರ್ತನ ನಾಮದಲ್ಲಿ ವಂದನೆಗಳು. ನನಗೆ 52 ವರ್ಷ. ನಮ್ಮ ಅತ್ತೆಯವರು ಹಾಸಿಗೆ ಹಿಡಿದು ಮೂರು ವರ್ಷ ಆಯಿತು. ನೆನಪು ಪೂರ್ತಿ ಹೋಗಿದೆ. ಈ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ಆದರೂ, ದಿನಾ ಊಟ ಮಾಡಿಸುವಾಗ ‘ಯಾರವ್ವಾ ನೀ?’ ಅಂತ ಕೇಳುತ್ತಾರೆ. ರಾತ್ರಿ ಅವರು ಮಲಗಿದ ಮೇಲೆ ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗೆ ಆಗುತ್ತದೆ. ಮೊದಲು ಹೀಗಿರಲಿಲ್ಲ. ಸ್ತ್ರೀಯರ ಕೂಟದಲ್ಲಿ ಒಬ್ಬೊಬ್ಬರೂ ‘ಕರ್ತರು ನನ್ನ ಸಂಗಡ ಮಾತಾಡಿದರು’ ಎಂದು ಸಾಕ್ಷಿ ಹೇಳುತ್ತಾರೆ. ನನ್ನ ಸರದಿ ಬಂದಾಗ ನಾನೂ ಏನೋ ಒಂದು ಹೇಳಿ ಕೂತುಬಿಟ್ಟೆ. ಅದು ಸುಳ್ಳು. ನನ್ನ ನಂಬಿಕೆ ಸತ್ತುಹೋಗಿದೆಯಾ?
– ಒಬ್ಬ ಸೊಸೆ, ಗದಗ-ಬೆಟಗೇರಿ

ಉತ್ತರ: ತಂಗೀ, ಮೊದಲು ನರ್ಸಿನ ಪ್ರಶ್ನೆ ಕೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಂದೇ ಸಮನೆ ಆರು ಗಂಟೆ ನಿದ್ದೆ ಮಾಡಿದ್ದು ಕೊನೆಯ ಸಲ ಯಾವಾಗ? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟ, ಹಿಮ್ಮಡಿ ಎಲ್ಲ ಹುಣ್ಣಾಗುತ್ತದೆ. ನಿಮ್ಮ ಎರಡು ಹಾಳೆಯ ಪತ್ರದಲ್ಲಿ ಹುಣ್ಣಿನ ಸುದ್ದಿಯೇ ಇಲ್ಲ. ಅಂದರೆ ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಯಾರೋ ಎದ್ದು ಮಗ್ಗುಲು ಬದಲಿಸುತ್ತಿದ್ದಾರೆ. ಅದು ನೀವೇ ಅಲ್ವಾ? ಮೂರು ವರ್ಷ ಹೀಗೆ ನಿದ್ದೆಗೆಟ್ಟವರಿಗೆ ಪ್ರಾರ್ಥನೆಯಲ್ಲಿ ಏನೂ ಅನಿಸದಿದ್ದರೆ ಅದಕ್ಕೆ ನಂಬಿಕೆ ಸಾಯುವುದು ಅಂತ ಹೆಸರಿಡಬೇಡಿ. ಅದು ಸುಸ್ತು.

ಇದು ನನ್ನ ಮಾತಲ್ಲ. ಒಂದನೇ ಅರಸುಗಳು 19ನೇ ಅಧ್ಯಾಯ ಇವತ್ತು ರಾತ್ರಿ ಓದಿ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಅಡವಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕೂತು ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಅನ್ನುತ್ತಾನೆ. ಆಗ ದೇವದೂತ ಬಂದು ಏನು ಮಾಡಿದ? ಪ್ರಸಂಗ ಮಾಡಿದನಾ? ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಬೈದನಾ? ಇಲ್ಲ. ತಟ್ಟಿ ಎಬ್ಬಿಸಿ ‘ಎದ್ದು ಊಟ ಮಾಡು’ ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಅದಕ್ಕೂ ತಕರಾರು ಮಾಡಲಿಲ್ಲ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಹಾಕಿದ. ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲಿನ ಆ ಮೆಲುದನಿ, ಅದೆಲ್ಲ ನಲವತ್ತು ದಿನ ಆದ ಮೇಲಿನ ಕಥೆ. ಮೊದಲು ರೊಟ್ಟಿ, ಮೊದಲು ನಿದ್ದೆ. ನಿಮ್ಮ ಕಡೆಯವರಿಗೆ ರೊಟ್ಟಿಯ ಬೆಲೆ ನಾನು ಹೇಳಬೇಕಾ?

ಇನ್ನು ಆ ಸಾಕ್ಷಿ. ಮುಂದಿನ ಸಲ ನಿಮ್ಮ ಸರದಿ ಬಂದರೆ, ‘ಈ ವಾರ ನನಗೇನೂ ಕೇಳಿಸಲಿಲ್ಲ, ನನಗೋಸ್ಕರ ಪ್ರಾರ್ಥನೆ ಮಾಡಿ’ ಎಂದು ಹೇಳಿ ಕೂತುಕೊಳ್ಳಿ. ಕೂಟ ಮುಗಿದ ಮೇಲೆ ಇಬ್ಬರಾದರೂ ಮೆಲ್ಲಗೆ ನಿಮ್ಮ ಹತ್ತಿರ ಬಂದು ‘ನನಗೂ ಹಾಗೇ’ ಅನ್ನುತ್ತಾರೆ, ನೋಡಿ. ನಾನು ಇದನ್ನು ಮಾಡಿ ನೋಡಿದವಳು. 88ನೇ ಕೀರ್ತನೆ ಪೂರ್ತಿ ದೂರು. ಉಳಿದ ಎಷ್ಟೋ ದುಃಖದ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಆದರೂ ಅದನ್ನು ಸತ್ಯವೇದದಿಂದ ಯಾರೂ ಕಿತ್ತುಹಾಕಲಿಲ್ಲ. ಮದರ್ ತೆರೇಸಾ ತಮ್ಮ ಗುರುಗಳಿಗೆ ಬರೆದ ಪತ್ರಗಳು ಅವರು ತೀರಿಕೊಂಡು ಹತ್ತು ವರ್ಷ ಆದ ಮೇಲೆ, 2007ರಲ್ಲಿ, ಅಚ್ಚಾದವು. ಹೆಚ್ಚುಕಮ್ಮಿ ಐವತ್ತು ವರ್ಷ ಅವರಿಗೆ ಒಳಗೆ ಇದೇ ಕತ್ತಲೆ ಇತ್ತಂತೆ. ಬೆಳಿಗ್ಗೆ ಎದ್ದು ಸೀರೆ ಉಟ್ಟು ಕೆಲಸಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಆ ಪತ್ರಗಳ ಸುದ್ದಿ ಓದಿದ ದಿನ ನಾನು ಬೇಸರಪಟ್ಟುಕೊಳ್ಳಲಿಲ್ಲ, ನಿಜ ಹೇಳಬೇಕೆಂದರೆ ನನಗೆ ಸಮಾಧಾನ ಆಯಿತು.

ಈಗ ನನ್ನದೇ ಒಂದು ತಪ್ಪಿನ ಕಥೆ. 1983ರ ಮಳೆಗಾಲ. ಜೊತೆಯ ನರ್ಸಿಗೆ ಜ್ವರ ಬಂದು ನಾನು ಸತತವಾಗಿ ಮೂರನೇ ರಾತ್ರಿ ಡ್ಯೂಟಿಯಲ್ಲಿದ್ದೆ. ಹೆಂಗಸರ ವಾರ್ಡು, 28 ಹಾಸಿಗೆ. ಕರೆಂಟ್ ಹೋಗಿ ಒಂದೇ ಲಾಟೀನು. ರೋಗಿಗಳ ಕಣ್ಣಿಗೆ ಬೆಳಕು ಹೊಡೆಯಬಾರದು ಅಂತ ಟಾರ್ಚಿಗೆ ಗಾಜ್ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದೆವು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಟೈಫಾಯ್ಡ್ ಬಂದ ಒಂದು ಹುಡುಗಿ, ಹದಿನಾರು ಹದಿನೇಳು ವರ್ಷದವಳು. ಡ್ರಿಪ್ ಹಾಕಿತ್ತು. ಆಗ ಯಂತ್ರ ಗಿಂತ್ರ ಇರಲಿಲ್ಲ. ಕೈಗಡಿಯಾರ ಹಿಡಿದು ಹನಿ ಎಣಿಸಬೇಕು, ನಿಮಿಷಕ್ಕೆ ಮೂವತ್ತರ ಆಸುಪಾಸು ಬೀಳುವ ಹಾಗೆ ನಳಿಗೆಯ ಚಕ್ರ ತಿರುಗಿಸಬೇಕು. ಬಾಟ್ಲಿ ಖಾಲಿ ಆಗುವ ಮುಂಚೆ ಬದಲಿಸಬೇಕು, ಇಲ್ಲದಿದ್ದರೆ ರಕ್ತ ನಳಿಗೆಗೆ ವಾಪಸ್ ಬರುತ್ತದೆ, ಸೂಜಿ ಕಟ್ಟಿಕೊಳ್ಳುತ್ತದೆ. ಮೂರೂವರೆಗೆ ನೋಡಿದಾಗ ಇನ್ನೂ ಸ್ವಲ್ಪ ಇತ್ತು. ಮೇಜಿನ ಹತ್ತಿರ ಬಂದು ಕೂತೆ. ಆ ಮೇಜಿನ ಗಾಜಿನ ಕೆಳಗೆ ನಾನೇ ಇಟ್ಟಿದ್ದ ಒಂದು ಕಾರ್ಡು. ನಮ್ಮಮ್ಮನ ಕೈಬರಹದಲ್ಲಿ 121ನೇ ಕೀರ್ತನೆ, ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅನ್ನುವ ಆ ಕೀರ್ತನೆ. ಅದನ್ನು ಓದುತ್ತಾ ಓದುತ್ತಾ ನಾನು ನಿದ್ದೆ ಹೋದೆ.

ಎಚ್ಚರ ಆದಾಗ ನಾಲ್ಕು ಕಾಲು. ಎದೆ ಧಸಕ್ ಅಂದಿತು. ಓಡಿದೆ. ಬಾಟ್ಲಿ ಖಾಲಿ, ಅದರ ಕೆಳಗೆ ಹನಿ ಬೀಳುವ ಸಣ್ಣ ಕೊಳವೆಯೂ ಖಾಲಿ. ಟಾರ್ಚಿನ ಬಟ್ಟೆ ಕಿತ್ತು ನಳಿಗೆ ನೋಡಿದೆ. ಒಂದು ಹನಿ ರಕ್ತ ವಾಪಸ್ ಬಂದಿರಲಿಲ್ಲ. ಚಕ್ರವನ್ನು ಯಾರೋ ಪೂರ್ತಿ ಬಿಗಿಮಾಡಿದ್ದರು. ಹುಡುಗಿ ಬಾಯಿ ತೆರೆದುಕೊಂಡು ಹಾಯಾಗಿ ನಿದ್ದೆ ಮಾಡುತ್ತಿದ್ದಳು.

ಪಕ್ಕದ ಹಾಸಿಗೆಯ ಕೆಳಗೆ, ಚಾಪೆಯ ಮೇಲೆ, ಮಗಳನ್ನು ನೋಡಿಕೊಳ್ಳಲು ಬಂದಿದ್ದ ಒಬ್ಬ ಬ್ಯಾರಿ ಅಜ್ಜಿ, ನಮ್ಮ ಕರಾವಳಿಯ ಮುಸ್ಲಿಮರು, ಗೋಡೆಗೆ ಒರಗಿ ಕೂತಿದ್ದರು. ಕೈಯಲ್ಲಿ ತಸ್ಬಿ, ಅವರ ಜಪಮಣಿ. ನನ್ನನ್ನು ನೋಡಿ ತುಳುವಿನಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟು. ನೀರು ಮುಗಿಯಿತು, ನೀವು ತಿರುಗಿಸುವುದನ್ನು ನಾಲ್ಕು ದಿನದಿಂದ ನೋಡಿದ್ದೇನೆ, ಹಾಗೇ ತಿರುಗಿಸಿದೆ, ನಿಮ್ಮನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಎಬ್ಬಿಸಬೇಕಿತ್ತು, ಅದು ಬೇರೆ ಮಾತು! ತಪ್ಪು ತಪ್ಪೇ. ಬೆಳಿಗ್ಗೆ ಹೆಡ್ ಸಿಸ್ಟರ್ ಹತ್ತಿರ ನಾನೇ ಹೇಳಿದೆ, ಸರಿಯಾಗಿ ಬೈಸಿಕೊಂಡೆ.

ಆದರೆ ಆ ನಲವತ್ತೈದು ನಿಮಿಷ ನನ್ನ ತಲೆಯಿಂದ ಹೋಗಲೇ ಇಲ್ಲ. ಅಷ್ಟೂ ಹೊತ್ತು ನನಗೆ ದೇವರು ‘ಅನಿಸಲಿಲ್ಲ’. ಅನಿಸುವುದು ಹೇಗೆ, ನಾನು ಗೊರಕೆ ಹೊಡೆಯುತ್ತಿದ್ದೆನಲ್ಲ. ಯಾಕೋಬನ ಕಥೆಯೂ ಇಂಥದ್ದೇ ಅಲ್ವಾ? ಅಣ್ಣನಿಗೆ ಮೋಸ ಮಾಡಿ ಓಡಿಹೋಗುತ್ತಿದ್ದ. ಕತ್ತಲಾಯಿತು, ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ಎಚ್ಚರ ಆದ ಮೇಲೆ ಅವನು ಹೇಳಿದ್ದು, ಕರ್ತನು ಈ ಸ್ಥಳದಲ್ಲಿದ್ದಾನೆ, ನನಗೆ ತಿಳಿಯಲಿಲ್ಲ ಎಂದು. ಮಲಗುವ ಮುಂಚೆ ಹೇಳಿದ ಮಾತಲ್ಲ ಅದು.

ಕೆಲಸಕ್ಕೆ ಬರುವ ಎರಡು ಮಾತು ಹೇಳಿಬಿಡುತ್ತೇನೆ. ವಾರಕ್ಕೆ ಎರಡು ಮಧ್ಯಾಹ್ನ ಯಾರಾದರೂ ಬಂದು ಅತ್ತೆಯ ಹತ್ತಿರ ಕೂರಲಿ, ನೀವು ಬಾಗಿಲು ಹಾಕಿಕೊಂಡು ಮಲಗಿ. ನಿಮ್ಮ ಸಭೆಯ ಅಯ್ಯನವರಿಗೂ ಸ್ತ್ರೀಯರ ಕೂಟಕ್ಕೂ ಬಾಯಿಬಿಟ್ಟು ಕೇಳಿ. ‘ಪ್ರಾರ್ಥನೆ ಮಾಡುತ್ತೇವೆ’ ಅಂತ ಹೇಳಿ ಕಳಿಸಿದರೆ, ‘ಮಂಗಳವಾರ ಎರಡು ಗಂಟೆಗೆ ಬಂದು ನಮ್ಮ ಮನೆಯಲ್ಲೇ ಮಾಡಿ’ ಅನ್ನಿ. ಮನೆಯ ಗಂಡಸರಿಗೂ ಮಗ್ಗುಲು ಬದಲಿಸುವುದು ಕಲಿಸಿ, ಅದೇನು ಬ್ರಹ್ಮವಿದ್ಯೆ ಅಲ್ಲ. ಮತ್ತೆ, ರಾತ್ರಿ ಉದ್ದ ಪ್ರಾರ್ಥನೆ ಬೇಡ. ಸ್ವಂತ ಮಾತು ಬರದಿದ್ದರೆ ಒಂದು ಕೀರ್ತನೆ ಗಟ್ಟಿಯಾಗಿ ಓದಿ ದೀಪ ಆರಿಸಿ. ಅವು ಇರುವುದೇ ಅದಕ್ಕೆ, ಸಾಲ ತಂದ ಮಾತು.

ಕೊನೆಗೆ, ನೀವೇ ಬರೆದ ಸಾಲು. ನಾನು ಅದನ್ನು ಮೂರು ಸಲ ಓದಿದೆ. ಅತ್ತೆಗೆ ನೀವು ಯಾರು ಅಂತ ಗೊತ್ತಿಲ್ಲ. ‘ಯಾರವ್ವಾ ನೀ?’ ಅನ್ನುತ್ತಾರೆ. ಆದರೂ ಚಮಚ ಬಾಯಿಯ ಹತ್ತಿರ ಹೋದಾಗ ಬಾಯಿ ತೆರೆಯುತ್ತಾರೆ, ಅಲ್ವಾ? ಗುರುತು ಸಿಗಲಿಲ್ಲ ಅಂತ ನೀವು ಒಂದು ದಿನವಾದರೂ ತಟ್ಟೆ ವಾಪಸ್ ಒಯ್ದಿರಾ? ನಾನಂತೂ ಈ ಪತ್ರ ಓದಿದ ಮೇಲೆ ಎರಡು ದಿನ ನನ್ನನ್ನು ನಿಮ್ಮ ಅತ್ತೆಯ ಹಾಸಿಗೆಯಲ್ಲೇ ನೋಡುತ್ತಿದ್ದೇನೆ.

ಪ್ರಶ್ನೆ: 30-40ರ ಒಂದು ಸೈಟ್ ನೋಡಿದ್ದೇನೆ. ತೆಗೆದುಕೊಳ್ಳಬೇಕೋ ಬೇಡವೋ ಎಂದು ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಸತ್ಯವೇದ ತೆರೆದೆ. ಯೆರೆಮೀಯ 32 ಬಂತು. ಅದರಲ್ಲಿ ‘ಹೊಲವನ್ನು ಕೊಂಡುಕೋ’ ಎಂದೇ ಇದೆ! ಮೈ ಜುಂ ಅಂತು. ನನ್ನ ಹೆಂಡತಿ ಮಾತ್ರ ವಕೀಲರಿಗೆ ಕಾಗದ ತೋರಿಸಿ ಎಂದು ಹಟ ಮಾಡುತ್ತಿದ್ದಾಳೆ. ಕಾಣದ ದೇವರನ್ನು ನಂಬುವವರು ಹೀಗೆ ಅನುಮಾನಪಡಬಹುದಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಅಣ್ಣಾ, ಪುಸ್ತಕ ತೆರೆದಿರಿ, ಒಳ್ಳೆಯದು. ಅಧ್ಯಾಯ ಪೂರ್ತಿ ಓದಬೇಕಿತ್ತು. ಯೆರೆಮೀಯ ಸೆರೆಯಲ್ಲಿದ್ದ, ಊರಿಗೆ ಬಾಬೆಲಿನ ಸೈನ್ಯ ಮುತ್ತಿಗೆ ಹಾಕಿತ್ತು. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲನಿಂದ ಅನಾತೋತಿನ ಹೊಲ ಕೊಂಡುಕೊಂಡ. ಸರಿ. ಹೇಗೆ ಕೊಂಡ? 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆದು ಸಹಿ ಹಾಕಿದ. ಮುದ್ರೆ ಒತ್ತಿದ. ಸಾಕ್ಷಿಗಳನ್ನು ಕರೆಸಿದ. ಮುದ್ರೆ ಹಾಕಿದ ಒಂದು ಪತ್ರ, ತೆರೆದ ಇನ್ನೊಂದು ಪತ್ರ, ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸಿದ, ಬಹಳ ದಿನ ಕೆಡದೆ ಉಳಿಯಲಿ ಅಂತ. ದೇವರೇ ನೇರವಾಗಿ ‘ಕೊಂಡುಕೋ’ ಅಂದ ಮನುಷ್ಯ ಇಷ್ಟು ಮಾಡಿದ್ದಾನೆ. ನೀವು ಇ.ಸಿ. ತೆಗೆಸಿ, ಅಂದರೆ ಜಾಗದ ಮೇಲೆ ಸಾಲ, ಅಡಮಾನ ಇದೆಯಾ ಎಂದು ತಿಳಿಸುವ ಋಣಭಾರ ಪತ್ರ. ಹೊಲದ ಜಾಗ ಆಗಿದ್ದರೆ ಮನೆ ಕಟ್ಟಲು ಕನ್ವರ್ಷನ್ ಆಗಿದೆಯಾ ನೋಡಿ, ಖಾತೆ ಯಾರ ಹೆಸರಲ್ಲಿದೆ ನೋಡಿ. ಅಣ್ಣತಮ್ಮಂದಿರ ತಕರಾರು ಇದೆಯಾ ಎಂದು ಅಕ್ಕಪಕ್ಕದ ಸೈಟಿನವರನ್ನು ಕೇಳಿ. ಕಾಣದವರನ್ನು ನಂಬಬೇಕು ನಿಜ. ಕಾಣುವ ಕಾಗದ ನೋಡಬೇಡಿ ಅಂತ ಅವರೆಲ್ಲೂ ಹೇಳಿಲ್ಲ. ಇನ್ನು, ಕಣ್ಣು ಮುಚ್ಚಿ ತೆರೆದಾಗ ಯೇಸುವನ್ನು ಹಿಡಿದುಕೊಟ್ಟ ಯೂದನು ನೇಣು ಹಾಕಿಕೊಂಡ ವಚನ ಬಂದಿದ್ದರೆ ಏನು ಮಾಡುತ್ತಿದ್ದಿರಿ?

ಪ್ರಶ್ನೆ: ಅಕ್ಕ, ನಾನು ಕೊಳ್ಳೇಗಾಲದ ಕಡೆಯವನು, 24 ವರ್ಷ. ಬೆಂಗಳೂರಿನಲ್ಲಿ ಫುಡ್ ಡೆಲಿವರಿ ಮಾಡುತ್ತೇನೆ. ಭಾನುವಾರವೇ ಆರ್ಡರ್ ಜಾಸ್ತಿ, ಇನ್ಸೆಂಟಿವ್ ಕೂಡ ಅವತ್ತೇ. ಎಂಟು ತಿಂಗಳಿಂದ ಆರಾಧನೆಗೆ ಹೋಗೋಕಾಗಿಲ್ಲ. ಅಮ್ಮ ಫೋನ್ ಮಾಡಿದಾಗೆಲ್ಲ ಅದನ್ನೇ ಕೇಳುತ್ತಾರೆ. ಸಿಗ್ನಲ್‌ನಲ್ಲಿ ಕೆಂಪು ದೀಪ ಇರುವಾಗ ಹೆಲ್ಮೆಟ್ ಒಳಗೇ ಎರಡು ಮಾತು ಪ್ರಾರ್ಥನೆ ಮಾಡುತ್ತೇನೆ. ಅಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇಂಥ ಪ್ರಾರ್ಥನೆಗೆ ಬೆಲೆ ಇದೆಯಾ? ದೇವರು ಚರ್ಚಿನಲ್ಲಿ ಇರುವ ಹಾಗೆ ಇಲ್ಲೂ ಇರುತ್ತಾರಾ?
– ಒಬ್ಬ ರೈಡರ್, ಬೆಂಗಳೂರು

ಉತ್ತರ: ತಮ್ಮಾ, ಮೊದಲನೆಯದಾಗಿ, ಕಣ್ಣು ತೆರೆದುಕೊಂಡೇ ಪ್ರಾರ್ಥನೆ ಮಾಡು. ಬೆಂಗಳೂರಿನ ಸಿಗ್ನಲ್‌ನಲ್ಲಿ ಕಣ್ಣು ಮುಚ್ಚುವುದು ನಂಬಿಕೆ ಅಲ್ಲ, ತಲೆಹರಟೆ.

ನಿನ್ನ ಹಾಗೆ ಪ್ರಾರ್ಥನೆ ಮಾಡಿದವನೊಬ್ಬ ಸತ್ಯವೇದದಲ್ಲಿದ್ದಾನೆ. ನೆಹೆಮೀಯ. ಅವನ ಕೆಲಸವೂ ನಿನ್ನ ಕೆಲಸದ ಜಾತಿಯದ್ದೇ, ಪಾರಸಿಯ ಅರಸನ ಕೈಗೆ ದ್ರಾಕ್ಷಾರಸ ತಲುಪಿಸೋದು. ಒಂದು ದಿನ ಅರಸ ಅವನ ಸಪ್ಪೆ ಮುಖ ನೋಡಿ ‘ನಿನಗೇನು ಬೇಕು?’ ಅಂತ ಕೇಳಿದ. ಅರಸ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ನೆ ನಿಲ್ಲೋಕಾಗತ್ತೆ? ನೆಹೆಮೀಯ ಎರಡನೇ ಅಧ್ಯಾಯ ನೋಡು. ಪರಲೋಕದ ದೇವರಿಗೆ ಪ್ರಾರ್ಥನೆ ಮಾಡಿ ಅರಸನಿಗೆ ಹೀಗಂದೆನು, ಅಷ್ಟೇ ಇದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಉಸಿರು. ನಿನ್ನ ಸಿಗ್ನಲ್ ಅದಕ್ಕಿಂತ ಉದ್ದ. ಆದರೆ ಅವನು ಅದಕ್ಕೂ ಮುಂಚೆ ಎಷ್ಟೋ ದಿನ ಉಪವಾಸ ಇದ್ದು, ಅತ್ತು, ಉದ್ದಕ್ಕೆ ಪ್ರಾರ್ಥಿಸಿದ್ದ. ಅದು ಮೊದಲನೇ ಅಧ್ಯಾಯ. ಇದನ್ನು ಯಾಕೆ ಹೇಳಿದೆ ಅಂತ ಕೊನೆಗೆ ಗೊತ್ತಾಗತ್ತೆ.

ಇನ್ನೊಬ್ಬರು ಬ್ರದರ್ ಲಾರೆನ್ಸ್ ಅಂತ. ಫ್ರಾನ್ಸಿನವರು, 1691ರಲ್ಲಿ ತೀರಿಕೊಂಡರು. ಮೊದಲು ಸೈನಿಕ, ಕಾಲು ಕುಂಟಾಯಿತು, ಆಮೇಲೆ ಪ್ಯಾರಿಸ್‌ನ ಒಂದು ಮಠ ಸೇರಿದರು. ಅಲ್ಲಿ ಅವರನ್ನು ಅಡುಗೆಮನೆಗೆ ಹಾಕಿದರು. ಅವರಿಗೆ ಅಡುಗೆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಅಲ್ಲೇ ಸುಮಾರು ಹದಿನೈದು ವರ್ಷ! ಒಬ್ಬ ಅದು ಕೊಡು ಅಂತಾನೆ, ಇನ್ನೊಬ್ಬ ಇದು ಕೊಡು ಅಂತಾನೆ, ಪಾತ್ರೆಗಳ ಸದ್ದು. ಆ ಗಲಾಟೆಯ ನಡುವೆಯೂ, ಮೊಣಕಾಲೂರಿ ಪ್ರಾರ್ಥಿಸುವಾಗ ಎಷ್ಟು ಶಾಂತವಾಗಿ ದೇವರ ಜೊತೆ ಇರುತ್ತೇನೋ ಅಷ್ಟೇ ಶಾಂತವಾಗಿ ಇರುತ್ತೇನೆ ಎಂದು ಅವರು ಹೇಳುತ್ತಿದ್ದರಂತೆ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಮೇಲಿನ ಪ್ರೀತಿಗೇ ಮಾಡುತ್ತಿದ್ದರಂತೆ. ನನಗೆ ಅವರ ಬಗ್ಗೆ ಇಷ್ಟವಾದದ್ದು ಬೇರೆ. ಒಂದು ಸಲ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ದೂರದ ಬರ್ಗಂಡಿಗೆ ಕಳಿಸಿದರು. ಕುಂಟು ಕಾಲು, ದೋಣಿಯಲ್ಲಿ ಓಡಾಡೋಕೆ ಆಗಲ್ಲ. ಪೀಪಾಯಿಗಳ ಮೇಲೆ ಉರುಳಿ ಉರುಳಿಕೊಂಡೇ ಆಚೀಚೆ ಹೋದರಂತೆ! ಆರ್ಡರ್ ಹೊತ್ತುಕೊಂಡು ಲಿಫ್ಟ್ ಕೆಟ್ಟ ಐದನೇ ಮಹಡಿಗೆ ಹತ್ತುವಾಗ ಆ ಮನುಷ್ಯನನ್ನು ನೆನಪು ಮಾಡ್ಕೋ. ಇದೆಲ್ಲ ಅವರಿಗೆ ಸುಲಭಕ್ಕೆ ಬಂತು ಅಂತಲೂ ಅಂದುಕೋಬೇಡ. ಮೊದಲ ಹತ್ತು ವರ್ಷ ಬಹಳ ಒದ್ದಾಡಿದೆ ಎಂದು ಅವರೇ ಬರೆದಿದ್ದಾರೆ.

ನೀನು ಕೇಳಿದ ಎರಡನೇ ಪ್ರಶ್ನೆಗೆ ಲೂಕ 24. ಎಮ್ಮಾಹು ಎಂಬ ಹಳ್ಳಿಯ ದಾರಿ, ಯೆರೂಸಲೇಮಿನಿಂದ ಸುಮಾರು 7 ಮೈಲಿ. ಯೇಸುವನ್ನು ಶಿಲುಬೆಗೆ ಹಾಕಿದ ಮೇಲೆ ಇಬ್ಬರು ಶಿಷ್ಯರು ಮನಸ್ಸು ಮುರಿದುಕೊಂಡು ನಡೆದುಹೋಗುತ್ತಿದ್ದರು. ಸಾವಿನಿಂದ ಎದ್ದುಬಂದ ಯೇಸು ಜೊತೆಗೇ ನಡೆದರು, ಇವರಿಗೆ ಗುರುತೇ ಸಿಗಲಿಲ್ಲ. ಅವತ್ತು ವಾರ ಯಾವುದು ಗೊತ್ತಾ? ವಾರದ ಮೊದಲನೇ ದಿನ. ಭಾನುವಾರ. ಉಳಿದ ಶಿಷ್ಯರೆಲ್ಲ ಪಟ್ಟಣದಲ್ಲಿ ಒಟ್ಟಿಗಿದ್ದರು, ಇವರಿಬ್ಬರು ಅವರನ್ನು ಬಿಟ್ಟು ರಸ್ತೆ ಹಿಡಿದಿದ್ದರು. ರಸ್ತೆಗೇ ಬಂದರು ಕರ್ತರು. ಊಟಕ್ಕೆ ಕೂತು ರೊಟ್ಟಿ ಮುರಿದಾಗ ಇವರ ಕಣ್ಣು ತೆರೆಯಿತು, ತಕ್ಷಣ ಅವರು ಕಾಣದೇ ಹೋದರು. ದಾರಿಯಲ್ಲಿ ನಮ್ಮ ಎದೆ ಕುದಿಯುತ್ತಿತ್ತಲ್ಲವಾ ಎಂದು ಆಮೇಲೆ ಮಾತಾಡಿಕೊಂಡರು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ ಮಗಾ. ಅದೇ ರಾತ್ರಿ, ಕತ್ತಲಲ್ಲಿ, ಬಂದ ದಾರಿಯಲ್ಲೇ ವಾಪಸ್ ನಡೆದು ಉಳಿದವರನ್ನು ಸೇರಿಕೊಂಡರು. ನೆಹೆಮೀಯನ ಉದ್ದ ಪ್ರಾರ್ಥನೆಯ ಮಾತು ಯಾಕೆ ಎತ್ತಿದೆ ಅಂತ ಈಗ ಗೊತ್ತಾಯ್ತಲ್ಲ? ಸಿಗ್ನಲ್ ಪ್ರಾರ್ಥನೆಗೆ ಬೆಲೆ ಇದೆ. ಅದೊಂದರಲ್ಲೇ ಎಂಟು ತಿಂಗಳು ಸಾಗಿಸಿದರೆ, ಬರೀ ಚಹಾ ಬಿಸ್ಕತ್ತಿನಲ್ಲಿ ದಿನ ಕಳೆದ ಹಾಗೆ ಆಗುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಜಾವದ ಆರಾಧನೆ ಇರುವ ಸಭೆಗಳಿವೆ. ಸಂಜೆ ಆರಾಧನೆ ಇರುವವೂ ಇವೆ. ಮಧ್ಯಾಹ್ನದ ಆರ್ಡರ್ ಶುರುವಾಗುವ ಮುಂಚೆ ಒಂದು ಗಂಟೆ ಬಿಡುವು ಮಾಡ್ಕೋ. ತಿಂಗಳಿಗೆ ಒಂದು ಭಾನುವಾರದಿಂದ ಶುರುಮಾಡು. ಯೂನಿಫಾರ್ಮಿನಲ್ಲೇ ಹೋಗು, ಬ್ಯಾಗ್ ಹೊರಗಿಡು. ಅಮ್ಮನಿಗೆ ಆ ಸಿಗ್ನಲ್ ವಿಷಯವನ್ನೂ ಹೇಳು, ಅವರಿಗೆ ಖುಷಿ ಆಗತ್ತೆ.

ಪ್ರಶ್ನೆ: ನಾನು ಸಂಡೇ ಸ್ಕೂಲ್ ಟೀಚರ್. ಏಳು ವರ್ಷದ ಹುಡುಗಿಯೊಬ್ಬಳು ‘ಟೀಚರ್, ದೇವರು ಇದ್ದರೆ ಕಾಣಲ್ಲ ಯಾಕೆ?’ ಎಂದು ಕೇಳಿದಳು. ಗಾಳಿ ಕಾಣಲ್ಲ, ಆದರೂ ಇದೆಯಲ್ಲ ಎಂದೆ. ಅವಳಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಬೇರೆ ಉದಾಹರಣೆ ಇದ್ದರೆ ತಿಳಿಸಿ.
– ಒಬ್ಬ ಟೀಚರ್, ಮಡಿಕೇರಿ

ಉತ್ತರ: ಗಾಳಿಯ ಉದಾಹರಣೆ ಕೇಳಿ ಕೇಳಿ ಮಕ್ಕಳಿಗೂ ಸಾಕಾಗಿದೆ. ಕರೆಂಟಿನ ಉದಾಹರಣೆಯಂತೂ ಕೊಡಲೇಬೇಡಿ. ನಾನು ಕೊಟ್ಟು ಕೆಟ್ಟೆ. ತಂತಿಯೊಳಗೆ ಕರೆಂಟ್ ಕಾಣುತ್ತಾ, ಆದರೂ ಬಲ್ಬ್ ಉರಿಯುತ್ತದಲ್ಲ ಎಂದು ಮೊಮ್ಮಗಳಿಗೆ ದೊಡ್ಡದಾಗಿ ವಿವರಿಸಿದೆ. ಅವಳು ಸ್ವಲ್ಪ ಯೋಚನೆ ಮಾಡಿ, ‘ಹಾಗಾದ್ರೆ ದೇವರೂ ಮಂಗಳವಾರ ಹೋಗ್ತಾರಾ?’ ಅಂದಳು. ನಮ್ಮಲ್ಲಿ ಲೈನ್ ರಿಪೇರಿಗೆ ಅಂತ ಕರೆಂಟ್ ತೆಗೆಯುವುದು ಮಂಗಳವಾರ.

‘ನನಗೂ ಪೂರ್ತಿ ಗೊತ್ತಿಲ್ಲ ಮಗಾ’ ಎಂದು ಹೇಳುವುದಕ್ಕೆ ನಾಚಿಕೆಪಡಬೇಡಿ. ಮಕ್ಕಳು ಅದನ್ನು ನಾವು ಹೆದರಿದಷ್ಟು ಕೆಟ್ಟದಾಗಿ ತೆಗೆದುಕೊಳ್ಳುವುದಿಲ್ಲ. ಉದಾಹರಣೆಗಿಂತ, ಕೈಗೆ ಏನಾದರೂ ಕೊಡಿ.

ನಾನು ಕೊಟ್ಟದ್ದು ಹೇಳುತ್ತೇನೆ. ನನ್ನಜ್ಜ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯ ಕೆಲಸಗಾರ. ಬಾಸೆಲ್ ಮಿಶನ್‌ನವರು 1865ರಲ್ಲಿ ಅಲ್ಲಿ ಹೆಂಚು ಸುಡಲು ಶುರುಮಾಡಿದ ಮೇಲೆ ನಮ್ಮಂಥ ಎಷ್ಟೋ ಮನೆಗಳಿಗೆ ಅದೇ ಅನ್ನ. ಕಳೆದ ವರ್ಷ ನಮ್ಮ ಹಳೆಯ ಮಾಡು ಇಳಿಸಿದಾಗ ಒಂದು ಹೆಂಚಿನ ಅಡಿಭಾಗದಲ್ಲಿ ಒಂದು ಗುಳಿ ಕಂಡಿತು. ಹಸಿ ಮಣ್ಣು ಇದ್ದಾಗ ಯಾರದೋ ಹೆಬ್ಬೆರಳು ಒತ್ತಿದ ಗುರುತು. ಗೆರೆಗಳೂ ಕಾಣುತ್ತವೆ. ನಮ್ಮಜ್ಜನದ್ದೇ ಅಂತ ಹೇಳೋಕಾಗಲ್ಲ. ಅಲ್ಲಿ ಎಷ್ಟು ಜನ ಕೆಲಸ ಮಾಡಿದ್ದಾರೋ. ಆದರೆ ಇಷ್ಟು ವರ್ಷ ಅದರ ಕೆಳಗೇ ನಾವು ಮಲಗಿ ಎದ್ದದ್ದು, ಒಬ್ಬರೂ ನೋಡಿರಲಿಲ್ಲ.

ಆ ಹೆಂಚನ್ನು ತೊಳೆದು ಜಗಲಿಯಲ್ಲಿ ಇಟ್ಟಿದ್ದೇನೆ. ಮೊಮ್ಮಗಳು ಬಂದವಳು ‘ಇದು ಯಾರ ಬೆರಳು?’ ಅಂದಳು. ನಮ್ಮ ಮನೆಗೆ ಮಳೆ ಬೀಳದ ಹಾಗೆ ಮಾಡಿದ ಯಾರೋ ಒಬ್ಬರದ್ದು, ನಾನೂ ಅವರನ್ನು ನೋಡಿಲ್ಲ ಎಂದೆ. ಮತ್ತೇನೂ ಕೇಳಲಿಲ್ಲ. ತನ್ನ ಹೆಬ್ಬೆರಳನ್ನು ಅದರೊಳಗೆ ಇಟ್ಟು ನೋಡಿದಳು. ಸುತ್ತಲೂ ಇನ್ನೂ ಜಾಗ ಇತ್ತು.